ಹೆಸರು ಗೋಪ್ಯವಾಗಿರಲಿ ಎಂದವರ ಹೆಸರಿನಲ್ಲಿ ಒಂದು ಹೆದ್ದಾರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಾಣ ತೆತ್ತ ಸರ್ಕಾರಿ ನೌಕರರ ಹೆಸರನ್ನು ರಸ್ತೆಗೆ ಇಡುವ ವಿಚಾರವಾಗಿ ದಾವಣಗೆರೆಯಿಂದ ಬಂದ ಪತ್ರವೊಂದನ್ನು ಕಳೆದ ಸಂಚಿಕೆಯಲ್ಲಿ ಉತ್ತರವಿಲ್ಲದೆಯೇ ಪ್ರಕಟಿಸಿದ್ದೆವು. ಅದನ್ನು ಓದಿದವರು ತಮ್ಮ ಊರಿನ ನೆನಪುಗಳನ್ನೂ ತಕರಾರುಗಳನ್ನೂ ಸೇರಿಸಿ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತನಾದ ಎಂಜಿನಿಯರ್. ನಮ್ಮೂರ ಪಕ್ಕದ ಹೆದ್ದಾರಿ ಅಗಲವಾದದ್ದು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಕೋನ ಯೋಜನೆಯಲ್ಲಿ. ಅದೇ ಯೋಜನೆಯ ಅಕ್ರಮಗಳನ್ನು ಪ್ರಧಾನಿಯವರಿಗೆ ಬರೆದು ತಿಳಿಸಿದ ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರ್ 2003ರಲ್ಲಿ ಗುಂಡೇಟಿಗೆ ಬಲಿಯಾದರು. ಅವರು ದುಡಿದ ಹೆದ್ದಾರಿಗೆ ಅವರ ಹೆಸರನ್ನೇ ಏಕೆ ಇಡಬಾರದು? ಹಾಗೆ ಇಡುವ ಅಧಿಕಾರ ಯಾರಿಗಿದೆ?
(ದಾವಣಗೆರೆ)

ಉತ್ತರ: ಅಧಿಕಾರದ ಪ್ರಶ್ನೆ ಸುಲಭವಾದದ್ದು, ಅದನ್ನು ಮೊದಲು ಮುಗಿಸೋಣ. ರಾಷ್ಟ್ರೀಯ ಹೆದ್ದಾರಿಗಳು 1956ರ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ಅಧೀನದಲ್ಲಿವೆ. ಆ ಕಾಯ್ದೆಯ ಅನುಸೂಚಿಯಲ್ಲಿ ಹೆದ್ದಾರಿಯ ಗುರುತು ಎಂದರೆ ಒಂದು ಸಂಖ್ಯೆ ಮತ್ತು ಅದು ಎಲ್ಲಿಂದ ಹೊರಟು ಯಾವ ಊರುಗಳನ್ನು ಹಾದು ಎಲ್ಲಿ ಮುಗಿಯುತ್ತದೆ ಎಂಬ ವಿವರಣೆ, ಅಷ್ಟೇ. ಆದ್ದರಿಂದ ಹೆಸರಿಡಬೇಕೆಂದರೆ ಕೇಂದ್ರ ಸರ್ಕಾರವೇ ಮನಸ್ಸು ಮಾಡಬೇಕು. ಅದು ಮನಸ್ಸು ಮಾಡಿದಾಗ ಹೆಸರು ಬಂದೇ ಬರುತ್ತದೆ ಎನ್ನುವುದಕ್ಕೆ ಜಮ್ಮುವಿನಿಂದ ಕಾಶ್ಮೀರಕ್ಕೆ ಹೋಗುವ ಹೆದ್ದಾರಿಯ ಚೆನಾನಿ–ನಾಶ್ರಿ ಸುರಂಗಕ್ಕೆ ಶ್ಯಾಮಾಪ್ರಸಾದ್ ಮುಖರ್ಜಿಯವರ ಹೆಸರು ಬಂದದ್ದೇ ಸಾಕ್ಷಿ. ಸಾಮಾನ್ಯವಾಗಿ ಇಂಥ ಗೌರವ ರಾಜಕೀಯ ನಾಯಕರ ಪಾಲಾಗುತ್ತದೆ, ಎಂಜಿನಿಯರುಗಳ ಪಾಲಾಗುವುದು ಅಪರೂಪ ಎಂಬುದನ್ನು ನಿಮ್ಮಂಥವರಿಗೆ ನಾನು ಹೇಳಬೇಕಾಗಿಲ್ಲ.

ದುಬೆ ಅವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರು ಕೆಲಸ ಮಾಡಿದ್ದು ಬಿಹಾರದ ಔರಂಗಾಬಾದ್ ಮತ್ತು ಬರಾಚಟ್ಟಿ ನಡುವಿನ ಭಾಗದಲ್ಲಿ. ಆ ರಸ್ತೆ ಆಗ ರಾಷ್ಟ್ರೀಯ ಹೆದ್ದಾರಿ 2. ಜನರ ಬಾಯಲ್ಲಿ ಅದು ಗ್ರಾಂಡ್ ಟ್ರಂಕ್ ರಸ್ತೆ. ಇತಿಹಾಸದ ಪುಸ್ತಕಗಳಲ್ಲಿ ಶೇರ್ ಶಾ ಸೂರಿಯ ಹೆಸರಿನ ಜೊತೆ ಬರುವ ರಸ್ತೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಈ ಭಾಗ ರಾಷ್ಟ್ರೀಯ ಹೆದ್ದಾರಿ 19 ಆಯಿತು, ನಿಮ್ಮೂರಿನ ಹಳೆಯ ಹೆದ್ದಾರಿ 4 ಈಗ 48 ಆಗಿರುವ ಹಾಗೆ. ಇಷ್ಟು ಹೆಸರುಗಳನ್ನೂ ಸಂಖ್ಯೆಗಳನ್ನೂ ಹೊತ್ತ ರಸ್ತೆಯ ಮೇಲೆ ಇನ್ನೊಂದು ಹೆಸರನ್ನು ದೆಹಲಿಯಿಂದ ಕೋಲ್ಕತ್ತದವರೆಗೂ ಹೊದಿಸಿದರೆ ಅದು ಯಾರ ಬಾಯಿಗೂ ಬರುವುದಿಲ್ಲ. ಅವರು ಅಳೆದು, ಪರೀಕ್ಷಿಸಿ, ಕಳಪೆ ಎಂದು ಕಂಡದ್ದನ್ನು ಕಿತ್ತು ಮತ್ತೆ ಹಾಕಿಸಿದರೆಂದು ಅಂದು ವರದಿಯಾಗಿದ್ದ ಆ ಒಂದು ತುಂಡಿಗೆ ಇಟ್ಟರೆ ಅರ್ಥವಿದೆ. ಔರಂಗಾಬಾದ್ ದಾಟಿದ ಮೇಲೆ ಒಂದು ಫಲಕ, ಬರಾಚಟ್ಟಿಯಲ್ಲಿ ಇನ್ನೊಂದು ಇದ್ದರೆ ಸಾಕು ಎಂದು ನನ್ನ ಅನಿಸಿಕೆ.

ಇಡಬೇಕೇ ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭವಲ್ಲ. ಸತ್ಯೇಂದ್ರ ದುಬೆ ಬಿಹಾರದ ಸಿವಾನ್ ಜಿಲ್ಲೆಯವರು. ಕಾನ್ಪುರದ ಐಐಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1994ರಲ್ಲಿ ಪದವಿ ಪಡೆದವರು. 2002ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಬಂದು ಜಾರ್ಖಂಡಿನ ಕೊಡರ್ಮಾದಲ್ಲಿ ಕೆಲಸಕ್ಕೆ ನಿಂತವರು. ಅದೇ ವರ್ಷದ ನವೆಂಬರಿನಲ್ಲಿ ಅವರು ಪ್ರಧಾನಿ ವಾಜಪೇಯಿ ಅವರಿಗೆ ಒಂದು ಪತ್ರ ಬರೆದರು. ಯೋಜನಾ ವರದಿಗಳು ಕಳಪೆಯಾಗಿವೆ, ಟೆಂಡರ್ ಪ್ರಕ್ರಿಯೆಯಲ್ಲಿ ಕೈವಾಡವಿದೆ, ದೊಡ್ಡ ಗುತ್ತಿಗೆದಾರರು ಕೆಲಸವನ್ನು ಸಾಮರ್ಥ್ಯವಿಲ್ಲದ ಸಣ್ಣ ಗುತ್ತಿಗೆದಾರರಿಗೆ ತುಂಡು ತುಂಡಾಗಿ ವಹಿಸುತ್ತಿದ್ದಾರೆ ಎಂಬುದು ಅದರ ಸಾರಾಂಶ. ತುಂಡು ಗುತ್ತಿಗೆ ಎಂದರೆ ಏನಾಗುತ್ತದೆಂದು ನೀವು ಬಲ್ಲಿರಿ. ಒಪ್ಪಂದದ ಕಾಗದದಲ್ಲಿ ಯಂತ್ರಗಳನ್ನು ತೋರಿಸಿದವರು ಒಬ್ಬರು, ಸ್ಥಳದಲ್ಲಿ ಜಲ್ಲಿ ಸುರಿಸುವವರು ಇನ್ನೊಬ್ಬರು, ರಸ್ತೆ ಕುಸಿದ ದಿನ ಸಿಗುವವರು ಯಾರೂ ಇಲ್ಲ.

ಆ ಪತ್ರದ ಒಂದು ವಿವರವನ್ನು ಇಲ್ಲಿ ಬಿಡಿಸಿ ಹೇಳಬೇಕು. ಹೆಸರಿಲ್ಲದ ಪತ್ರಕ್ಕೆ ಸರ್ಕಾರದಲ್ಲಿ ಬೆಲೆಯಿಲ್ಲವೆಂಬುದು ದುಬೆ ಅವರಿಗೆ ಗೊತ್ತಿತ್ತು. ಹೆಸರು ಬರೆದರೆ ಆಗುವ ಅಪಾಯವೂ ಗೊತ್ತಿತ್ತು. ಹಾಗಾಗಿ ಅವರು ತಮ್ಮ ಹೆಸರು, ಹುದ್ದೆಗಳನ್ನು ಪತ್ರದೊಳಗೆ ಹಾಕದೆ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದರು. ಗೋಪ್ಯ ಉಳಿಯಲೆಂದೇ ಹೀಗೆ ಮಾಡಿದ್ದೇನೆ ಎಂದು ಪತ್ರದಲ್ಲಿಯೇ ತಿಳಿಸಿದರು. ಪ್ರಧಾನಿ ಕಾರ್ಯಾಲಯದಿಂದ ಆ ಪತ್ರ ಹೆದ್ದಾರಿ ಸಚಿವಾಲಯಕ್ಕೆ, ಅಲ್ಲಿಂದ ಅವರು ಯಾರ ಕೆಳಗೆ ಕೆಲಸ ಮಾಡುತ್ತಿದ್ದರೋ ಆ ಪ್ರಾಧಿಕಾರಕ್ಕೇ ಹೋಯಿತು. ಪ್ರತ್ಯೇಕ ಹಾಳೆಯೂ ಜೊತೆಗೆ ಹೋಯಿತು. ಕಡತ ಮೇಜಿನಿಂದ ಮೇಜಿಗೆ ಹೋಗುತ್ತ ಒಬ್ಬೊಬ್ಬ ಅಧಿಕಾರಿಯ ಷರಾ ಪಡೆಯುತ್ತಿರುವಾಗ ಆ ಒಂದು ಹಾಳೆಯನ್ನು ಟ್ಯಾಗಿನಿಂದ ಬಿಚ್ಚಿ ತೆಗೆದಿಡಬೇಕೆಂದು ಯಾರಿಗೂ ತೋರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಸಂಚು ಇರಲೇಬೇಕೆಂದಿಲ್ಲ, ರೂಢಿಯೊಂದೇ ಸಾಕು.

ವರ್ಷ ಕಳೆದ ಮೇಲೆ, 2003ರ ನವೆಂಬರ್ 27ರ ನಸುಕಿನಲ್ಲಿ, ವಾರಾಣಸಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ರೈಲಿನಲ್ಲಿ ಗಯಾಕ್ಕೆ ಬಂದಿಳಿದ ಅವರು ಕಾರು ಬಾರದ್ದರಿಂದ ಸೈಕಲ್ ರಿಕ್ಷಾ ಹತ್ತಿದರು. ಮನೆ ಮುಟ್ಟುವ ಮೊದಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ ಸುಮಾರು ಮೂವತ್ತು ವರ್ಷ.

ತನ್ನ ಹೆಸರನ್ನು ಮುಚ್ಚಿಡಿ ಎಂದು ಸರ್ಕಾರವನ್ನು ಕೇಳಿಕೊಂಡವರು ಅವರು. ಆ ಒಂದೇ ಕೋರಿಕೆಯನ್ನು ನಡೆಸಿಕೊಡದ ವ್ಯವಸ್ಥೆ ಈಗ ಅದೇ ಹೆಸರನ್ನು ನೀಲಿ ಫಲಕದ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿ ಕೈತೊಳೆದುಕೊಳ್ಳುವುದಾದರೆ ಅದು ನನಗೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಫಲಕ ಬೇಡವೆಂದು ಹೇಳುತ್ತಿಲ್ಲ. ಅವರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿ, ಈ ರಸ್ತೆಯ ಗುಣಮಟ್ಟದ ಬಗ್ಗೆ ಅವರು ಬರೆದ ಪತ್ರದ ಗೋಪ್ಯವನ್ನು ನಾವು ಕಾಯಲಿಲ್ಲ ಎಂದು ಬರೆಸುವುದಾದರೆ ಧಾರಾಳವಾಗಿ ನೆಡಲಿ.

ಪ್ರಶ್ನೆ: ದುಬೆ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು ಅದು ದರೋಡೆಗಾಗಿ ನಡೆದ ಕೊಲೆ ಎಂದು. ಹಾಗಿದ್ದ ಮೇಲೆ ಅವರನ್ನು ಹುತಾತ್ಮರೆಂದು ಕರೆದು ಹೆದ್ದಾರಿಗೆ ಹೆಸರಿಡಿ ಎನ್ನುವುದು ತೀರ್ಪನ್ನು ಧಿಕ್ಕರಿಸಿದಂತಾಗುವುದಿಲ್ಲವೇ?
(ಧಾರವಾಡದ ವಕೀಲರೊಬ್ಬರು)

ಉತ್ತರ: ಬಂದ ಪತ್ರಗಳಲ್ಲೆಲ್ಲ ಹೆಚ್ಚು ಹೊತ್ತು ಯೋಚಿಸುವಂತೆ ಮಾಡಿದ್ದು ನಿಮ್ಮ ಪತ್ರ. ತನಿಖೆಯನ್ನು ಸಿಬಿಐ ಕೈಗೆತ್ತಿಕೊಂಡಿತು. ದರೋಡೆಗೆ ಬಂದವರಿಗೆ ಪ್ರತಿರೋಧ ಒಡ್ಡಿದಾಗ ಗುಂಡು ಹಾರಿತು ಎಂಬುದು ಅದರ ವಾದ. 2010ರ ಮಾರ್ಚಿನಲ್ಲಿ ಪಟ್ನಾದ ನ್ಯಾಯಾಲಯ ಮೂವರನ್ನು ಅಪರಾಧಿಗಳೆಂದು ಸಾರಿ ಜೀವಾವಧಿ ಶಿಕ್ಷೆ ವಿಧಿಸಿತು. ಕುಟುಂಬದವರಿಗೂ ಜೊತೆಯಲ್ಲಿ ಓದಿದವರಿಗೂ ದರೋಡೆಯ ಕಥೆ ಒಪ್ಪಿಗೆಯಾಗಲಿಲ್ಲ. ತನಿಖೆಯ ನಡುವೆ ವಿಚಾರಣೆಗೊಳಗಾಗಿದ್ದ ಇಬ್ಬರು ವಿಷದಿಂದ ಸತ್ತದ್ದು ಆ ಅನುಮಾನವನ್ನು ಇನ್ನಷ್ಟು ಬೆಳೆಸಿತು. ಇವೆರಡರ ನಡುವೆ ನಿಂತು ತೀರ್ಪು ಕೊಡುವುದು ಪತ್ರಿಕೆಯ ಅಂಕಣವೊಂದರ ಕೆಲಸವಲ್ಲ, ಮತ್ತು ನ್ಯಾಯಾಲಯದ ತೀರ್ಪು ಇರುವಾಗ ಕೊಲೆ ಮಾಡಿಸಿದವರು ಇಂಥವರೇ ಎಂಬ ಧಾಟಿಯಲ್ಲಿ ಬರೆಯುವುದು ಸರಿಯೂ ಅಲ್ಲ.

ಆದರೆ ನಿಮ್ಮ ಪ್ರಶ್ನೆ ಒಂದು ಊಹೆಯ ಮೇಲೆ ನಿಂತಿದೆ: ಗೌರವ ಸಲ್ಲಬೇಕಾದದ್ದು ಸಾವಿಗೆ ಎಂಬ ಊಹೆಯ ಮೇಲೆ. ನಾನು ಅದನ್ನು ಒಪ್ಪುವುದಿಲ್ಲ. ಗಯಾದ ಆ ನಸುಕಿನಲ್ಲಿ ಅವರ ಜೇಬಿಗೆ ಕೈ ಹಾಕಿದವರು ಬರಿಯ ಕಳ್ಳರೇ ಆಗಿದ್ದರೂ, ಅದಕ್ಕೆ ಒಂದು ವರ್ಷ ಮೊದಲು ಬರೆದ ಪತ್ರ ಹಾಗೆಯೇ ಇದೆ. ಆ ಪತ್ರದ ಗೋಪ್ಯವನ್ನು ಕಾಯದೆ ಹೋದ ತಪ್ಪೂ ಹಾಗೆಯೇ ಇದೆ. ಅವರು ಇಂದಿಗೂ ಬದುಕಿದ್ದು, ಐವತ್ತು ದಾಟಿದ ಮುಖ್ಯ ಎಂಜಿನಿಯರ್ ಆಗಿ ಯಾವುದೋ ಊರಿನಲ್ಲಿ ಇದ್ದಿದ್ದರೂ ಆ ಪತ್ರ ಮರ್ಯಾದೆಗೆ ಅರ್ಹವಾಗಿಯೇ ಇರುತ್ತಿತ್ತು. ಆಗ ಅವರ ಹೆಸರನ್ನು ರಸ್ತೆಗೆ ಇಡಿ ಎಂದು ಯಾರೂ ಕೇಳುತ್ತಿರಲಿಲ್ಲ ಎಂಬುದು ನಿಜ. ಅದು ನಮ್ಮ ಗುಣವನ್ನು ತೋರಿಸುತ್ತದೆಯೇ ಹೊರತು ಅವರದನ್ನಲ್ಲ. ಹುತಾತ್ಮ ಎಂಬ ಪದವನ್ನು ಬಿಡಬೇಕೆಂದು ನೀವು ವಾದಿಸುವುದಾದರೆ ನನ್ನ ವಿರೋಧವಿಲ್ಲ. ಎಂಜಿನಿಯರ್ ಸತ್ಯೇಂದ್ರ ದುಬೆ ಎಂದರೆ ಸಾಕು.

ಇನ್ನೊಂದು ಮಾತು. ಅವರ ಸಾವಿನ ನಂತರ ಸುಪ್ರೀಂ ಕೋರ್ಟಿನ ಮುಂದೆ ವಿಷಯ ಬಂದಾಗಲೇ ಕೇಂದ್ರ ಸರ್ಕಾರ 2004ರ ಏಪ್ರಿಲ್ 21ರಂದು ಒಂದು ನಿರ್ಣಯ ಹೊರಡಿಸಿ, ಅಕ್ರಮದ ಮಾಹಿತಿ ಕೊಡುವವರ ಗುರುತನ್ನು ಕಾಪಾಡುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ಒಪ್ಪಿಸಿತು. ಅದನ್ನೇ ಪೂರ್ಣ ಕಾನೂನನ್ನಾಗಿಸುವ ಮಸೂದೆಗೆ 2014ರ ಫೆಬ್ರವರಿಯಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಮೇ 9ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆ ಕಾಯ್ದೆ ಜಾರಿಗೆ ಬರುವ ದಿನಾಂಕವನ್ನು ಅಧಿಸೂಚನೆಯಲ್ಲಿ ಪ್ರಕಟಿಸಬೇಕಿತ್ತು. ಆ ದಿನಾಂಕ ಇನ್ನೂ ಬಂದಿಲ್ಲ. ವಕೀಲರಾದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಪುಸ್ತಕದಲ್ಲಿ ಇರುವ, ಕೋರ್ಟಿನಲ್ಲಿ ಇಲ್ಲದ ಕಾನೂನು ಅದು.

ಪ್ರಶ್ನೆ: ದುಬೆ ಅವರನ್ನು ನೆನೆಯುವ ನಾವು ನಮ್ಮ ಊರಿನ ಮಂಜುನಾಥ್ ಷಣ್ಮುಗಂ ಅವರನ್ನು ಮರೆತಿದ್ದೇವೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಬರುವ ರಸ್ತೆಗೆ ಅವರ ಹೆಸರು ಇಡಬೇಕು, ವೃತ್ತದಲ್ಲಿ ಪ್ರತಿಮೆ ನಿಲ್ಲಿಸಬೇಕು ಎಂಬುದು ನಮ್ಮ ಗೆಳೆಯರ ಬಳಗದ ಆಸೆ. ಅವರು ಕಂಪನಿಯೊಂದರ ನೌಕರರು, ಸರ್ಕಾರಿ ನೌಕರರಲ್ಲ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಏನು ಹೇಳೋಣ?
(ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಉತ್ತರ: ತಕರಾರಿಗೆ ಉತ್ತರ ದಂಡಸಂಹಿತೆಯಲ್ಲಿಯೇ ಇತ್ತು. ಭಾರತೀಯ ದಂಡಸಂಹಿತೆಯ 21ನೇ ಕಲಮು ಸರ್ಕಾರಿ ಕಂಪನಿಯ ಸೇವೆಯಲ್ಲಿರುವವರನ್ನೂ ಸಾರ್ವಜನಿಕ ನೌಕರರೆಂದೇ ಎಣಿಸಿತ್ತು. ಮಂಜುನಾಥ್ ಕೆಲಸ ಮಾಡುತ್ತಿದ್ದ ಇಂಡಿಯನ್ ಆಯಿಲ್ ಕೇಂದ್ರ ಸರ್ಕಾರದ ಉದ್ಯಮ. ಕಾನೂನನ್ನು ಬದಿಗಿಟ್ಟು ನೋಡಿದರೂ, ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಮಾರಾಟದ ಕೆಲಸಕ್ಕಿಂತ ಹೆಚ್ಚಾಗಿ ಕಾವಲಿನ ಕೆಲಸ.

ಹೊಸ ಓದುಗರಿಗಾಗಿ ಎರಡು ಮಾತು. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಲಖನೌದ ಐಐಎಂನಲ್ಲಿ ಓದಿದ ಮಂಜುನಾಥ್ ಅವರಿಗೆ ಪೆಟ್ರೋಲ್ ಬಂಕುಗಳ ತಪಾಸಣೆ ಹೊಣೆಯಾಗಿ ಬಂದಿತ್ತು. ಪಡಿತರದ ಸೀಮೆಎಣ್ಣೆಗೆ ಸರ್ಕಾರ ಸಬ್ಸಿಡಿ ಕೊಡುತ್ತಿದ್ದ ಕಾಲ ಅದು. ಅದರ ಬೆಲೆ ಡೀಸೆಲ್ಲಿಗಿಂತ ಬಹಳ ಕಡಿಮೆ. ಡೀಸೆಲ್ಲಿಗೆ ಅದನ್ನು ಬೆರೆಸಿದರೆ ಪ್ರತಿ ಲೀಟರಿಗೂ ಲಾಭ. ಬಡವರ ಮನೆಯ ದೀಪಕ್ಕೆಂದು ಹೊರಟ ಎಣ್ಣೆ ಲಾರಿಗಳ ಹೊಟ್ಟೆ ಸೇರುತ್ತಿತ್ತು. ಕಲಬೆರಕೆಗಾಗಿ ಮಂಜುನಾಥ್ ಬೀಗಮುದ್ರೆ ಹಾಕಿಸಿದ್ದ ಬಂಕೊಂದು ಮತ್ತೆ ತೆರೆದಿತ್ತು. 2005ರ ನವೆಂಬರ್ 19ರ ರಾತ್ರಿ ಗೋಲಾ ಗೋಕರಣನಾಥದಲ್ಲಿ ಅವರು ತಪಾಸಣೆಗೆ ಹೋದಾಗ ಅವರನ್ನು ಗುಂಡಿಟ್ಟು ಕೊಂದವರು, ದೇಹವನ್ನು ಮಂಜುನಾಥ್ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಹಾಕಿ ಸಾಗಿಸುತ್ತಿದ್ದಾಗ ಪಕ್ಕದ ಸೀತಾಪುರ ಜಿಲ್ಲೆಯಲ್ಲಿ ಸಿಕ್ಕಿಬಿದ್ದರು. ಇಲ್ಲಿ ದುಬೆ ಪ್ರಕರಣದ ಹಾಗೆ ಕಾರಣದ ಬಗ್ಗೆ ಅನುಮಾನ ಉಳಿಯಲಿಲ್ಲ. ಕೆಳ ನ್ಯಾಯಾಲಯ 2007ರಲ್ಲಿ ಮುಖ್ಯ ಆರೋಪಿಗೆ ಮರಣದಂಡನೆ ವಿಧಿಸಿತ್ತು. ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೊಲೆಯಾದಾಗ ಅವರಿಗೆ 27 ವರ್ಷ.

ನಿಮ್ಮ ಆಸೆಯಲ್ಲಿ ರಸ್ತೆಯ ಭಾಗ ಸಾಧ್ಯವಾದದ್ದು. ನಗರಸಭೆಯ ವ್ಯಾಪ್ತಿಯೊಳಗಿನ ಬೀದಿಗಾದರೆ ನಗರಸಭೆಯಲ್ಲಿ ನಿರ್ಣಯವಾಗಬೇಕು. ಊರ ಹೊರಗಿನ ರಸ್ತೆ ಲೋಕೋಪಯೋಗಿ ಇಲಾಖೆಯದಾದರೆ ರಾಜ್ಯ ಸರ್ಕಾರದ ಆದೇಶವೇ ಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಅರ್ಜಿ ಎರಡು ಕಚೇರಿಗಳ ನಡುವೆ ಓಡಾಡುತ್ತಲೇ ಇರುತ್ತದೆ, ಆದ್ದರಿಂದ ಬೇರೆ ಬೇರೆಯಾಗಿ ಕೊಡಿ. ವೃತ್ತದ ಪ್ರತಿಮೆಯ ಆಸೆಯನ್ನು ಮಾತ್ರ ಬಿಟ್ಟುಬಿಡಿ. ರಸ್ತೆ, ಪಾದಚಾರಿ ಮಾರ್ಗ ಮುಂತಾದ ಸಾರ್ವಜನಿಕ ಜಾಗಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿದೆ.

ಪ್ರಶ್ನೆ: ನಾವಿರುವ ಹ್ಯೂಸ್ಟನ್‌ನಲ್ಲಿ ಬೆಲ್ಟ್‌ವೇ 8 ಎಂಬ ವರ್ತುಲ ರಸ್ತೆಯ ಒಂದು ಭಾಗಕ್ಕೆ ಸಂದೀಪ್ ಸಿಂಗ್ ಧಾಲಿವಾಲ್ ಎಂಬ ಪೊಲೀಸ್ ಅಧಿಕಾರಿಯ ಹೆಸರಿದೆ. ಅಮೆರಿಕದಲ್ಲಿ ಇಂಥ ಸ್ಮಾರಕ ಹೆದ್ದಾರಿಗಳು ಹೆಜ್ಜೆಗೊಂದು ಕಾಣುತ್ತವೆ. ನಮ್ಮಲ್ಲಿ ಇದು ಏಕೆ ಆಗುವುದಿಲ್ಲ?
(ಹ್ಯೂಸ್ಟನ್, ಟೆಕ್ಸಸ್)

ಉತ್ತರ: ಧಾಲಿವಾಲ್ ಪಂಜಾಬಿನಿಂದ ಹೋದವರು, ಹ್ಯಾರಿಸ್ ಕೌಂಟಿಯ ಶೆರಿಫ್ ಕಚೇರಿಯಲ್ಲಿ ಡೆಪ್ಯುಟಿಯಾಗಿದ್ದವರು. ಸಮವಸ್ತ್ರದ ಜೊತೆ ಪೇಟ ಮತ್ತು ಗಡ್ಡ ಇಟ್ಟುಕೊಳ್ಳಲು 2015ರಲ್ಲಿ ಅವರಿಗೆ ಅನುಮತಿ ಸಿಕ್ಕಿದ್ದು ಅಲ್ಲಿ ದೊಡ್ಡ ಸುದ್ದಿಯಾಗಿತ್ತು. 2019ರ ಸೆಪ್ಟೆಂಬರ್ 27ರಂದು ವಾಹನವೊಂದನ್ನು ತಡೆದು ವಿಚಾರಿಸಿ ತಮ್ಮ ಕಾರಿನ ಕಡೆ ತಿರುಗಿ ನಡೆಯುತ್ತಿದ್ದಾಗ ಹಿಂದಿನಿಂದ ಗುಂಡಿಕ್ಕಿ ಅವರನ್ನು ಕೊಲ್ಲಲಾಯಿತು. ಮರುವರ್ಷವೇ ರಸ್ತೆಯ ಫಲಕ ಬಂತು. ಅಂಚೆ ಕಚೇರಿಯೊಂದಕ್ಕೂ ಅವರ ಹೆಸರು ಬಂತು.

ಅಲ್ಲಿಯ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಅಳತೆ. ಇಡೀ ಹೆದ್ದಾರಿಗೆ ಹೆಸರಿಡುವುದಿಲ್ಲ. ಸಾಮಾನ್ಯವಾಗಿ ಆ ವ್ಯಕ್ತಿ ಬದುಕಿದ, ಕೆಲಸ ಮಾಡಿದ ಅಥವಾ ಬಿದ್ದ ಜಾಗದ ಸುತ್ತಲಿನ ಕೆಲವು ಮೈಲಿಗಷ್ಟೇ. ರಸ್ತೆಯ ಸಂಖ್ಯೆ, ವಿಳಾಸ ಯಾವುದೂ ಬದಲಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಶಾಸಕಾಂಗ ನಿರ್ಣಯ ಮಾಡುತ್ತದೆ, ಫಲಕದ ಖರ್ಚನ್ನು ಸರ್ಕಾರದ ಬೊಕ್ಕಸದಿಂದಲ್ಲದೆ ದಾನಿಗಳಿಂದ ಭರಿಸುತ್ತಾರೆ. ಹಾಗೆಂದು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಯಲಹಂಕದ ಕಡೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋದರೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆ ಸಿಗುತ್ತದೆ. 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಮಡಿದ ಅವರು ಬೆಂಗಳೂರಿನಲ್ಲಿ ಬೆಳೆದವರು.

ಪ್ರಶ್ನೆ: ಹೆಸರಿಟ್ಟರೆ ಉಪಯೋಗವೇನು? ಎರಡು ವರ್ಷದಲ್ಲಿ ಜನ ಅದನ್ನು ಎರಡಕ್ಷರಕ್ಕೆ ಇಳಿಸಿ ಮರೆತುಬಿಡುತ್ತಾರೆ.
(ಮೈಸೂರು)

ಉತ್ತರ: ಒಪ್ಪಿದೆ. ಕೆಂಪೇಗೌಡರು ಕೆ.ಜಿ. ರಸ್ತೆಯಾದರು, ಜಯಚಾಮರಾಜೇಂದ್ರ ಒಡೆಯರು ಜೆ.ಸಿ. ರಸ್ತೆಯಾದರು. ಮಹಾತ್ಮರನ್ನೇ ಎಂ.ಜಿ. ಎಂದು ಕರೆದವರು ನಾವು. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದ್ದರೂ ಆಟೋ ಹತ್ತಿ ಕಾರ್ಯಪ್ಪ ರಸ್ತೆ ಎಂದರೆ ಚಾಲಕರು ತಿರುಗಿ ನೋಡುತ್ತಾರೆ. ನಾನಿರುವ ಬಡಾವಣೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಹೆಸರಿನ ಅಡ್ಡರಸ್ತೆ ಇದೆ. ಅದರ ಫಲಕದ ಮೇಲೆ ಕೋಚಿಂಗ್ ಕ್ಲಾಸಿನ ಚೀಟಿ, ಅದರ ಮೇಲೆ ಬಾಡಿಗೆ ಮನೆಯ ಚೀಟಿ, ಅದರ ಮೇಲೆ ಬೋರ್‌ವೆಲ್ ಕೊರೆಯುವವರ ಫೋನ್ ನಂಬರು. ಈಗ ಕಾಣುವುದು ಹೆಸರಿನ ಕೊನೆಯ ಅಕ್ಷರ ಮತ್ತು ‘ರಸ್ತೆ’ ಎಂಬ ಪದ ಮಾತ್ರ. ಚೀಟಿಗಳನ್ನು ಒಮ್ಮೆ ನಾನೇ ನೆನೆಸಿ ಕೆರೆದು ತೆಗೆದಿದ್ದೆ. ವಾರದಲ್ಲಿ ಮತ್ತೆ ಬಂದವು. ಹೆಸರು ಹೀಗೆ ಸವೆದು ಹೋಗುವುದಕ್ಕೆ ಅಂಜಿ ಇಡುವುದೇ ಬೇಡವೆಂದರೆ ಮಕ್ಕಳಿಗೂ ಹೆಸರಿಡುವಂತಿಲ್ಲ. ಆದರೆ ಯಾರು, ಏಕೆ ಎಂಬ ಎರಡು ಸಾಲಿಲ್ಲದ ಫಲಕ ಸವೆಯುವುದು ಬೇಗ ಎಂಬುದನ್ನು ಕಂಡಿದ್ದೇನೆ.

ಪ್ರಶ್ನೆ: ವೀರಪ್ಪನ್ ಕೈಯಲ್ಲಿ ಸತ್ತ ಅರಣ್ಯಾಧಿಕಾರಿ ಶ್ರೀನಿವಾಸ್ ಅವರ ಹೆಸರನ್ನು ಗೋಪಿನಾಥಂ ರಸ್ತೆಗೆ ಇಡಬಹುದಲ್ಲವೇ?
(ಕೊಳ್ಳೇಗಾಲ)

ಉತ್ತರ: ಖಂಡಿತವಾಗಿ ಇಡಬಹುದು, ಅದು ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸ. ಆಂಧ್ರದ ರಾಜಮಹೇಂದ್ರಿಯಿಂದ ಬಂದು ನಮ್ಮ ಕಾಡಿನಲ್ಲಿ ಕೆಲಸ ಮಾಡಿದ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು, ಶರಣಾಗುತ್ತೇನೆಂಬ ವೀರಪ್ಪನ್‌ನ ಮಾತನ್ನು ನಂಬಿ ನಿರಾಯುಧರಾಗಿ ಹೋಗಿ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು. ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿಯೇ ಶ್ರೀನಿವಾಸ್ ಮಾರಿಯಮ್ಮನ ಗುಡಿ ಕಟ್ಟಿಸಲು ನೆರವಾಗಿದ್ದರು. ಊರಿನವರು ಆ ಗುಡಿಯಲ್ಲಿ ಅವರ ಫೋಟೊ ಇಟ್ಟಿದ್ದಾರೆ. ಸರ್ಕಾರ ಫಲಕ ನೆಡುವುದಾದರೆ ನೆಡಲಿ. ಊರಿನವರು ಅದಕ್ಕೆ ಕಾದು ಕುಳಿತಿಲ್ಲ.

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ಉದ್ಯಮವೊಂದರಲ್ಲಿ ನೌಕರ. ಬಿಲ್ಲುಗಳಲ್ಲಿ ನಡೆಯುತ್ತಿರುವ ಅಕ್ರಮ ನನ್ನ ಕಣ್ಣಿಗೆ ಬಿದ್ದಿದೆ. ದುಬೆ ಅವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿದ ಮೇಲೆ ದೂರು ಕೊಡಬೇಕೆಂದೂ ಅನ್ನಿಸುತ್ತದೆ, ಭಯವೂ ಆಗುತ್ತದೆ. ಹೆಸರು ಹೊರಬಾರದ ಹಾಗೆ ಕೊಡುವ ದಾರಿ ಇದೆಯೇ? ದಯವಿಟ್ಟು ನನ್ನ ಊರನ್ನೂ ಪ್ರಕಟಿಸಬೇಡಿ.

ಉತ್ತರ: ಇದೆ. ಮೇಲೆ ಹೇಳಿದ 2004ರ ನಿರ್ಣಯವನ್ನು ಪಿಐಡಿಪಿಐ (ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಬಹಿರಂಗ ಮತ್ತು ಮಾಹಿತಿದಾರರ ರಕ್ಷಣೆ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಕರೆಯುತ್ತಾರೆ. ಕಾಯ್ದೆ ಜಾರಿಯಾಗದಿದ್ದರೂ ಇದು ಜಾರಿಯಲ್ಲಿದೆ. ಕೇಂದ್ರ ಸರ್ಕಾರದ ನೌಕರರು ಮತ್ತು ಕೇಂದ್ರದ ಉದ್ಯಮಗಳ ನೌಕರರ ವಿರುದ್ಧದ ದೂರುಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ರಾಜ್ಯ ಸರ್ಕಾರದ ನೌಕರರ ಮೇಲಿನ ದೂರಾಗಿದ್ದರೆ ಲೋಕಾಯುಕ್ತಕ್ಕೆ ಪ್ರಮಾಣಪತ್ರದ ಜೊತೆ ಹೋಗಬೇಕಾಗುತ್ತಿತ್ತು, ನಿಮ್ಮದು ಹಾಗಲ್ಲ.

ದೂರನ್ನು ಕಾಗದದ ಮೇಲೆ ಬರೆದು, ಮುಚ್ಚಿದ ಲಕೋಟೆಯಲ್ಲಿ ನವದೆಹಲಿಯ ಸತರ್ಕತಾ ಭವನದಲ್ಲಿರುವ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಯವರಿಗೆ ಅಂಚೆಯಲ್ಲಿ ಕಳುಹಿಸಬೇಕು. ಲಕೋಟೆಯ ಮೇಲೆ ಅದು ಪಿಐಡಿಪಿಐ ನಿರ್ಣಯದಡಿಯ ದೂರು ಎಂದು ಎದ್ದು ಕಾಣುವಂತೆ ಬರೆಯಬೇಕು. ಬರೆಯದಿದ್ದರೆ ಅದನ್ನು ಸಾಮಾನ್ಯ ದೂರಿನಂತೆ ತೆರೆಯುತ್ತಾರೆ, ಆಗ ಗೋಪ್ಯದ ರಕ್ಷಣೆ ನಿಮಗೆ ಸಿಗುವುದಿಲ್ಲ. ಹೆಸರಿಲ್ಲದ ದೂರನ್ನು ಆಯೋಗ ಪರಿಗಣಿಸುವುದಿಲ್ಲ, ಆದ್ದರಿಂದ ಹೆಸರು, ವಿಳಾಸ ಒಳಗೆ ಇರಲೇಬೇಕು. ಲಕೋಟೆಯ ಮೇಲೆ ಮಾತ್ರ ಇರಬಾರದು. ಒಳಗಿನ ಹೆಸರನ್ನು ಲಗತ್ತಿಸಿದ ಬೇರೆ ಪತ್ರದಲ್ಲಿ ಬರೆಯುವುದು ಮೇಲು. 2002ರಲ್ಲಿ ಕೊಡರ್ಮಾದ ಎಂಜಿನಿಯರ್ ಯಾರೂ ಹೇಳಿಕೊಡದೆ ಮಾಡಿದ್ದು ಇದನ್ನೇ. ಈಗ ಅದು ನಿಯಮದ ಪುಸ್ತಕದಲ್ಲಿದೆ.

ದೂರಿನ ಒಕ್ಕಣೆಯಲ್ಲಿ ಇನ್ನೊಂದು ಎಚ್ಚರ ಬೇಕು. ‘ನನ್ನ ಮೇಜಿಗೆ ಬಂದ ಬಿಲ್ಲಿನಲ್ಲಿ’ ಎಂದು ಬರೆದರೆ ಹೆಸರನ್ನು ಮುಚ್ಚಿಟ್ಟೂ ಪ್ರಯೋಜನವಿಲ್ಲ. ಆ ಮೇಜು ಯಾರದೆಂದು ನಿಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಇರಲಿ, ನೀವು ಅದನ್ನು ಹೇಗೆ ನೋಡಿದಿರಿ ಎಂಬುದು ಬೇಡ. ದೂರಿನ ಪ್ರತಿಯನ್ನು ಸಚಿವರಿಗೆ, ಪತ್ರಿಕೆಗಳಿಗೆ, ಸಂಘದ ಮುಖಂಡರಿಗೆ ಎಂದು ನಾಲ್ಕು ಕಡೆ ಕಳುಹಿಸಬೇಡಿ. ನಿಮ್ಮ ಹಿತದೃಷ್ಟಿಯಿಂದಲೇ ಆಯೋಗ ನಿಮಗೆ ಸ್ವೀಕೃತಿ ಪತ್ರ ಕಳುಹಿಸುವುದಿಲ್ಲ, ಆದರೆ ದೂರು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಅದು ಪತ್ರ ಬರೆದರೆ ತಪ್ಪದೆ ಉತ್ತರಿಸಿ.

ನೀವು ನಮಗೆ ಬರೆದ ಪತ್ರದ ಪ್ರಶ್ನೆಯನ್ನಷ್ಟೇ ಇಲ್ಲಿ ಬೇರೆ ಮಾತುಗಳಲ್ಲಿ ಬರೆದುಕೊಂಡಿದ್ದೇವೆ. ನಿಮ್ಮ ಊರಿನ ಅಂಚೆ ಮುದ್ರೆಯಿದ್ದ ಲಕೋಟೆಯನ್ನೂ ಒಳಗಿದ್ದ ಹಾಳೆಗಳನ್ನೂ ನಾನೇ ಹರಿದು ಹಾಕಿದ್ದೇನೆ.